‘ಹೊಡೆದ’ ಅನ್ನೋದನ್ನ ಇಂಗ್ಲಿಷಿಗೆ ತರೋದು: ನನ್ನ ಅನುಭವ

ಕೋರ್ಟ್ ಕಾಗದಗಳನ್ನ ಕನ್ನಡದಿಂದ ಇಂಗ್ಲಿಷಿಗೆ ಮಾಡ್ಕೊಡೋದು ನನ್ನ ಕೆಲಸ, ಹನ್ನೊಂದು ವರ್ಷ ಆಯ್ತು. ತಾಲ್ಲೂಕು, ಜಿಲ್ಲಾ ಕೋರ್ಟಲ್ಲಿ ಕನ್ನಡ ನಡಿಯುತ್ತೆ, ಆದ್ರೆ ಸಂವಿಧಾನದ 348ನೇ ವಿಧಿ ಪ್ರಕಾರ ಹೈಕೋರ್ಟಿನ ಭಾಷೆ ಇಂಗ್ಲಿಷು, ಹಾಗಾಗಿ ಅಪೀಲಿಗೆ ಹೋಗೋ ಕೇಸಿನ ಕಂಪ್ಲೇಂಟು, ಮಹಜರು, ಸಾಕ್ಷಿ ಹೇಳಿಕೆ ಎಲ್ಲಾ ಇಂಗ್ಲಿಷಾಗ್ಬೇಕು. ನನ್ನ ಟೇಬಲ್ಲಿಗೆ ಬರೋದ್ರಲ್ಲಿ ಮುಕ್ಕಾಲು ಪಾಲು ಆಕ್ಸಿಡೆಂಟು, ಇಲ್ಲಾಂದ್ರೆ ಹೊಡೆದಾಟ. ಬೆಳಗಾದ್ರೆ ಯಾರಿಗೆ ಯಾರು ಹೆಂಗೆ ಹೊಡೆದ್ರು ಅನ್ನೋದನ್ನೇ ಬರೀತಾ ಕೂತಿರ್ತೀನಿ.

ಶುರುವಿನಲ್ಲಿ ಒಂದು ತಪ್ಪು ಮಾಡ್ದೆ, ಅದನ್ನ ಹೇಳ್ಬೇಕು. ರೋಡ್ ಪಕ್ಕ ಬೈಕ್ ನಿಲ್ಸ್ಕೊಂಡು ಅದರ ಮೇಲೆ ಕೂತು ಫೋನಲ್ಲಿ ಮಾತಾಡ್ತಿದ್ದ ಹುಡುಗ, ಹಿಂದಿನಿಂದ ಟೆಂಪೋ ಬಂದು ಡಿಕ್ಕಿ ಹೊಡ್ದು ತೊಡೆ ಮೂಳೆ ಮುರೀತು. ದೂರಲ್ಲಿ ಸ್ಪಷ್ಟವಾಗಿ "ಹಿಂದಿನಿಂದ ಬಂದು ಬೈಕಿಗೆ ಡಿಕ್ಕಿ ಹೊಡೆದ ಪರಿಣಾಮ" ಅಂತಾನೇ ಇತ್ತು. ನಾನು ಇಂಗ್ಲಿಷು ಚೆನ್ನಾಗಿ ಕಾಣ್ಲಿ ಅಂತ "ದ ಟೆಂಪೋ ಅಂಡ್ ದ ಬೈಕ್ ಕೊಲೈಡೆಡ್" ಅಂತ ಬರ್ದೆ. ಇನ್ಶೂರೆನ್ಸ್ ಕಡೆ ವಕೀಲರು ಅದೊಂದೇ ಪದ ಹಿಡ್ಕೊಂಡ್ರು. ಕೊಲೈಡ್ ಅಂದ್ರೆ ಎರಡೂ ಗಾಡಿ ಚಲಿಸ್ತಿತ್ತು ಅಂತ ಅರ್ಥ, ಅಂದ್ರೆ ಬೈಕಿನವನೂ ರೋಡಿಗೆ ಬಂದಿದ್ದಾನೆ, ಅವನ ನಿರ್ಲಕ್ಷ್ಯವೂ ಇದೆ, ಪರಿಹಾರದಲ್ಲಿ ಅಷ್ಟು ಕಡಿಮೆ ಮಾಡಿ ಅಂತ ವಾದ. ನಮ್ಮ ವಕೀಲರು ಕನ್ನಡದ ಮೂಲ ತೋರ್ಸಿ, ತಿದ್ದಿದ ಅನುವಾದ ಹಾಕೋಕೆ ಟೈಮ್ ಕೇಳ್ಕೊಂಡು ಬಂದ್ರು. ಸಾಯಂಕಾಲ ಆಫೀಸಿಗೆ ಕರ್ದು ಬೈಲಿಲ್ಲ, ಇಷ್ಟೇ ಹೇಳಿದ್ದು: "ನೋಡಮ್ಮಾ, ಡಿಕ್ಕಿ ಹೊಡ್ದೋನು ಒಬ್ಬ. ನೀನು ಇಬ್ರನ್ನೂ ಓಡ್ಸಿದೀಯ." ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಆ ಹುಡುಗನ ತಾಯಿ ಅವತ್ತು ಕೋರ್ಟ್ ವರಾಂಡದಲ್ಲಿ ಕೂತಿದ್ರು, ನನ್ನಿಂದ ಅವ್ರು ಇನ್ನೊಂದ್ಸಲ ಬಸ್ ಹತ್ತಿ ಬರ್ಬೇಕಾಯ್ತು.

ಅಲ್ಲಿಂದ ಕನ್ನಡದ ವಾಕ್ಯ ಸಿಕ್ಕಿದ ತಕ್ಷಣ ಇಂಗ್ಲಿಷ್ ಪದ ಹುಡ್ಕೋದು ಬಿಟ್ಟೆ. ಮೊದ್ಲು ಯಾರು ಚಲಿಸ್ತಿದ್ರು, ಯಾವುದ್ರಿಂದ ಹೊಡೆದ್ರು, ಒಂದೇಟಾ ಹಲವು ಏಟಾ, ಆಮೇಲೆ ಏನಾಯ್ತು ಅಂತ ಪಕ್ಕದಲ್ಲಿ ಪೆನ್ಸಿಲಲ್ಲಿ ಬರ್ಕೋತೀನಿ. ಯಾಕಂದ್ರೆ ನಮ್ ‘ಹೊಡಿ’ ಒಂದು ದೊಡ್ಡ ಚೀಲ ಇದ್ದಂಗೆ, ಫೋನೂ ಹೊಡೀತೀವಿ, ಕರೆಂಟೂ ಹೊಡೀತದೆ, ಬಣ್ಣಾನೂ ಹೊಡೀತೀವಿ, ವಿವರವೆಲ್ಲ ವಾಕ್ಯದ ಉಳಿದ ಪದಗಳಲ್ಲಿ ಇರುತ್ತೆ, ದೊಣ್ಣೆಯಿಂದ, ಕೆನ್ನೆಗೆ, ಪಟಾರ್ ಅಂತ. ಇಂಗ್ಲಿಷಲ್ಲಿ ಆ ವಿವರಾನೆಲ್ಲ ಕ್ರಿಯಾಪದವೇ ನುಂಗ್ಕೊಂಡಿರುತ್ತೆ. ಸ್ಲ್ಯಾಪ್ ಅಂದ್ರೆ ಅಂಗೈ ಬಂದೇ ಬಿಡ್ತು, ಪಂಚ್ ಅಂದ್ರೆ ಮುಷ್ಟಿ, ಕಿಕ್ ಅಂದ್ರೆ ಪಾದ. ಹಂಗಿದ್ರೂ ನಮ್ಮ ಕೋರ್ಟ್ ಕಾಗದಗಳಲ್ಲಿ "ಕಿಕ್ಡ್ ವಿತ್ ಲೆಗ್ಸ್" ಅಂತ ಬರೀತಾರೆ, ಕನ್ನಡದ "ಕಾಲಿನಿಂದ ಒದ್ದು" ಅನ್ನೋದು ಹಂಗೇ ಇಳಿದಿದ್ದು ಅದು. ಕನ್ನಡದಲ್ಲಿ ಅದು ಕಿವಿಗೆ ಚೆನ್ನಾಗೇ ಇರುತ್ತೆ, ಇಂಗ್ಲಿಷಲ್ಲಿ ಬರೀ ಕಿಕ್ಡ್ ಸಾಕು.

ಗಾಡಿಗಳ ವಿಷಯದಲ್ಲಿ ನಂಗೆ ಹಿಟ್ ಅನ್ನೋ ಸಾದಾ ಪದವೇ ಇಷ್ಟ, ಯಾರು ಯಾರಿಗೆ ಹೊಡೆದ್ರು ಅನ್ನೋದು ನೇರವಾಗಿರುತ್ತೆ. ನಮ್ಮ ಪೊಲೀಸ್ ಇಂಗ್ಲಿಷಲ್ಲಿ ಎಲ್ಲಾ ಕಡೆ "ಡ್ಯಾಶ್ಡ್ ಅಗೇನ್ಸ್ಟ್" ಅಂತಿರುತ್ತೆ, ಇಲ್ಲಿನ ಕೋರ್ಟುಗಳಿಗೆ ಅದು ಅರ್ಥ ಆಗುತ್ತೆ ನಿಜ, ಆದ್ರೆ ಹೊರಗಿನವರಿಗೆ ಡ್ಯಾಶ್ ಅಂದ್ರೆ ಮೊದ್ಲು ಹೊಳೆಯೋದು ಗಡಿಬಿಡೀಲಿ ಓಡೋದು. ಪೇಪರಿನವರು ರ‍್ಯಾಮ್ಡ್ ಅಂತ ಬರೀತಾರೆ, ಅದನ್ನ ನಾನು ಮುಟ್ಟೋದೇ ಕಮ್ಮಿ, ರ‍್ಯಾಮ್ ಅಂದಾಗ ಬೇಕು ಅಂತಾನೇ ಜೋರಾಗಿ ಗುದ್ದಿದ ವಾಸನೆ ಬರುತ್ತೆ, ನಿರ್ಲಕ್ಷ್ಯದ ಕೇಸಲ್ಲಿ ಅದು ಬೇರೆ ದಾರಿಗೇ ಹೋಗ್ಬಿಡುತ್ತೆ. "ಸವರ್ಕೊಂಡು ಹೋಯ್ತು" ಅಂದ್ರೆ ಗ್ರೇಜ್ಡ್. ಮೆಲ್ಲಗೆ ತಾಗಿದ್ರೆ ಬಂಪ್ಡ್, ಇದ್ರಲ್ಲಿ ಪೆಟ್ಟು ಸಣ್ಣದು ಅನ್ನೋ ಅರ್ಥ ಒಳಗೇ ಕೂತಿದೆ, ಹಾಗಾಗಿ ಕೈಕಾಲು ಮುರಿದ ಕೇಸಲ್ಲಿ ಬಂಪ್ ಬರೆದ್ರೆ ಗಾಯಗೊಂಡವರಿಗೆ ಅನ್ಯಾಯ. ಇನ್ನು "ಬೀಳಿಸ್ದ" ಮತ್ತು "ಮೇಲೆ ಹರಿಸ್ದ", ಇವೆರಡನ್ನ ಯಾವತ್ತೂ ಕಲಸಬಾರದು. ನಾಕ್ಡ್ ಡೌನ್ ಅಂದ್ರೆ ಗಾಡಿ ತಗುಲಿ ಮನುಷ್ಯ ಬಿದ್ದ, ರನ್ ಓವರ್ ಅಂದ್ರೆ ಚಕ್ರ ಮೈಮೇಲೆ ಹೋಯ್ತು. ಪೋಸ್ಟ್‌ಮಾರ್ಟಮ್ ರಿಪೋರ್ಟ್ ಪಕ್ಕದಲ್ಲಿ ಇಟ್ಕೊಂಡೇ ಇದನ್ನ ಬರೀಬೇಕು.

ನಾಕ್ ಪದಕ್ಕೆ ಬಾಲ ಬದಲಾದ್ರೆ ಅರ್ಥಾನೇ ಬದಲಾಗುತ್ತೆ. "ಹಲ್ಲು ಉದುರಿಸ್ದ" ಅನ್ನೋಕೆ ಹಲ್ಲನ್ನ ನಾಕ್ ಔಟ್ ಮಾಡ್ದ ಅಂತ ಬರೀಬಹುದು, ಆದ್ರೆ ಮನುಷ್ಯನೇ ನಾಕ್ಡ್ ಔಟ್ ಆದ ಅಂತ ಬರೆದ್ರೆ ಪ್ರಜ್ಞೆ ತಪ್ಪಿದ ಅಂತಾಗುತ್ತೆ. ಹಲ್ಲಿನ ವಿಷಯ ಸಣ್ಣದಲ್ಲ, ಹಲ್ಲು ಮುರಿದ್ರೆ, ಜಾಗ ಬಿಟ್ಟು ಕದಲಿದ್ರೆ ಕಾನೂನಲ್ಲಿ ಅದು ತೀವ್ರ ಗಾಯ, ಭಾರತೀಯ ನ್ಯಾಯ ಸಂಹಿತೆಯ 116ನೇ ಸೆಕ್ಷನ್ನಲ್ಲಿ ಬರುತ್ತೆ.

ಕೈ ವಿಷಯಕ್ಕೆ ಬಂದ್ರೆ ಎಲ್ಲಕ್ಕಿಂತ ಜಾಸ್ತಿ ಹಾದಿ ತಪ್ಸೋದು ‘ಹಲ್ಲೆ’. ಡಿಕ್ಷನರಿ ತೆಗೆದ್ರೆ ಅಸಾಲ್ಟ್ ಅಂತಿರುತ್ತೆ, ಪೇಪರ್ರಲ್ಲೂ ಹಂಗೇ. ಆದ್ರೆ ನಮ್ಮ ಕಾನೂನಲ್ಲಿ ಅಸಾಲ್ಟ್ ಆಗೋಕೆ ಮೈಗೆ ಕೈ ತಾಗ್ಬೇಕಾಗೇ ಇಲ್ಲ. ಈಗ ಹೊಡೆದೇ ಬಿಡ್ತಾನೆ ಅಂತ ಎದುರಿನವನಿಗೆ ಅನ್ಸೋ ಥರ ಮುಷ್ಟಿ ಆಡಿಸಿದ್ರೂ ಅಸಾಲ್ಟೇ, ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ) 351ರಲ್ಲಿ ಇದ್ದದ್ದು 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 130 ಆಗಿದೆ. ನಿಜವಾಗಿ ಹೊಡೆದು ನೋವು ಮಾಡಿದ್ರೆ ಅದು ಹರ್ಟ್, 115. ಅಸಾಲ್ಟಿಗೆ ಜಾಸ್ತಿ ಅಂದ್ರೆ 3 ತಿಂಗಳು ಜೈಲು, ಹರ್ಟ್‌ಗೆ 1 ವರ್ಷದವರೆಗೆ. ಅದಕ್ಕೇ "ಹಲ್ಲೆ ಮಾಡಿ" ಅಂತ ಕಂಡಾಗ ನಾನು ಅಲ್ಲೇ ನಿಂತು, ಮುಂದಿನ ಸಾಲಲ್ಲಿ ಏನೇನಾಯ್ತು ಅಂತ ನೋಡಿ ಅದನ್ನೇ ಬರೀತೀನಿ. "ಕೈ ಮಾಡೋಕೆ ಬಂದ" ಅಂದ್ರೆ ಏಟು ಬಿದ್ದಿಲ್ಲ, "ಕೈ ಮಾಡಿದ" ಅಂದ್ರೆ ಬಿದ್ದಿದೆ. "ಕೈ ಎತ್ತಿದ" ಮಾತ್ರ ಕಷ್ಟ, ನಮ್ಮ ಹೆಣ್ಮಕ್ಳು ಗಂಡ ಹೊಡೆದದ್ದನ್ನೂ ಹೇಳೋಕಾಗ್ದೆ "ಕೈ ಎತ್ತಿದ್ರು" ಅಂತಾರೆ. ಅದನ್ನ ರೇಸ್ಡ್ ಹಿಸ್ ಹ್ಯಾಂಡ್ ಅಂತ ಬರೆದ್ರೆ ಆಕೆ ತಿಂದ ಏಟು ಕಾಗದದಿಂದಲೇ ಮಾಯ. ಇಂಥದ್ರಲ್ಲಿ ವಕೀಲರ ಆಫೀಸಿಗೆ ಫೋನ್ ಮಾಡಿ ಕೇಳ್ದೆ ನಾನು ಮುಂದಕ್ಕೆ ಹೋಗಲ್ಲ.

ಚಚ್ಚಿದ, ಬಡಿದ ಅಂದ್ರೆ ಬೀಟ್, ಅದ್ರಲ್ಲಿ ಏಟು ಮೇಲೆ ಏಟು ಬೀಳುತ್ತೆ, ಒಂದೇ ಏಟಿಗೆ ಬೀಟ್ ಬರೀಬಾರದು. (ಕ್ರಿಕೆಟ್ಟಲ್ಲಿ ನೋಡಿ, ಬ್ಯಾಟ್ಸ್‌ಮನ್ ಬೀಟ್ ಆದ ಅಂದ್ರೆ ಬಾಲು ಬ್ಯಾಟಿಗೆ ತಾಗೇ ಇಲ್ಲ!) ಬಾಗಿಲಿನ ವಿಷಯದಲ್ಲಿ ಎಷ್ಟು ಜೋರು ಅನ್ನೋದನ್ನ ಕನ್ನಡವೇ ಹೇಳುತ್ತೆ, ತಟ್ಟಿದ್ರೆ ನಾಕ್, ಬಡಿದ್ರೆ ಬ್ಯಾಂಗ್, ಧಡಾರ್ ಅಂತ ಹಾಕ್ಕೊಂಡ್ರೆ ಸ್ಲ್ಯಾಮ್. ಆದ್ರೆ ‘ತಟ್ಟು’ ಬೆನ್ನಿಗೆ ಬಂದ್ರೆ ಪ್ಯಾಟ್, ಅದು ಪ್ರೀತಿ, ನಾಕ್ ಅಲ್ಲ.

ಹೋದ ವಾರದ ಒಂದು ದೂರು, ಬದು ಜಗಳ. "ಎದೆಗೆ ಗುದ್ದಿ ಕೆಡವಿದ" ಅಂತಿತ್ತು, ಪಂಚ್ಡ್ ಅಂತ ಬರ್ದೂ ಆಗಿತ್ತು. ಡಾಕ್ಟರು ಗಾಯ ನೋಡಿ ಕೊಡೋ ವೂಂಡ್ ಸರ್ಟಿಫಿಕೇಟ್ ನೋಡಿದ್ರೆ ಮೊಣಕೈ ತರಚಿದೆ, ಸೊಂಟ ಊದಿದೆ, ಎದೆ ಮೇಲೆ ಏನೂ ಇಲ್ಲ. ಅನುಮಾನ ಬಂದು ಆಫೀಸಿನವರ ಮೂಲಕ ಆ ಅಜ್ಜಿ ಹತ್ರ ಮಾತಾಡ್ದೆ. "ಅಜ್ಜೀ, ಮುಷ್ಟೀಲಿ ಗುದ್ದಿದ್ನಾ, ಅಂಗೈಲಿ ನೂಕಿದ್ನಾ?" ಅಂದೆ. "ಮುಷ್ಟಿ ಎಲ್ಲಿ ಬಂತವ್ವಾ, ಭುಜ ಕೊಟ್ಟು ಗುದ್ದಿದ, ದನ ಗುದ್ದಂಗೆ" ಅಂದ್ರು. ದೂರಲ್ಲಿ ಭುಜದ ಮಾತೇ ಇಲ್ಲ, ಇಲ್ಲದ್ದನ್ನ ಸೇರಿಸೋ ಹಕ್ಕು ನಂಗಿಲ್ಲ, ಇಲ್ಲದ ಮುಷ್ಟಿಯನ್ನೂ ಸೇರಿಸೋ ಹಾಗಿಲ್ಲ. ಸ್ಟ್ರೈಕ್ ಅನ್ನೋ ಪದಕ್ಕೆ ಕೈನೂ ಇಲ್ಲ ಕೋಲೂ ಇಲ್ಲ, ಏಟು ಮಾತ್ರ ಇರುತ್ತೆ. ಪಂಚ್ಡ್ ಅಳಿಸಿ "ಸ್ಟ್ರಕ್ ಹರ್ ಆನ್ ದ ಚೆಸ್ಟ್ ಅಂಡ್ ನಾಕ್ಡ್ ಹರ್ ಡೌನ್" ಅಂತ ಬರ್ದು, ವಕೀಲರಿಗೆ ಅಜ್ಜಿ ಹೇಳಿದ್ದನ್ನ ಬೇರೆ ಚೀಟೀಲಿ ಕನ್ನಡದಲ್ಲೇ ಬರೆದು ಕಾಗದದ ಜೊತೆ ಪಿನ್ ಮಾಡಿ ಕಳಿಸ್ದೆ.