ಹೇಗಿದ್ದೀರಿ ಅಂತ ಸರಿಯಾಗಿ ಕೇಳೋದು ಹೇಗೆ: ಮನೆಮನೆಗೆ ಹೋಗುವ ಫಿಸಿಯೋಥೆರಪಿಸ್ಟ್ ಒಬ್ಬರ ಅನುಭವ

ನಾನು ಫಿಸಿಯೋಥೆರಪಿಸ್ಟ್. ತುಮಕೂರು ಜಿಲ್ಲೆಯ ಮಧುಗಿರಿ, ಪಾವಗಡ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೆಲಸ ಮಾಡುತ್ತೇನೆ. ಪಾರ್ಶ್ವವಾಯು ಹೊಡೆದವರು, ಸೊಂಟದ ಮೂಳೆ ಮುರಿದವರು, ಮಂಡಿ ಸವೆದವರು, ವಯಸ್ಸಾಗಿ ಹಾಸಿಗೆ ಹಿಡಿದವರು ನನ್ನ ರೋಗಿಗಳು. ಕೈಕಾಲು ಎಷ್ಟು ಆಡುತ್ತೆ ಅಂತ ಅಳೆಯೋದನ್ನು ಕಾಲೇಜಲ್ಲಿ ಕಲಿಸಿದ್ದರು. ಆ ಮನುಷ್ಯನ ಬದುಕು ಹೇಗಿದೆ ಅಂತ ತಿಳಿದುಕೊಳ್ಳೋದನ್ನು ಮಾತ್ರ ಈ ಮನೆಗಳಲ್ಲಿ ಚಾಪೆ ಮೇಲೆ ಕೂತು ಕಲಿತೆ. ಅದನ್ನು ಹೇಗೆ ಮಾಡುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಿರುವವರಿಗೂ ಇದು ಉಪಯೋಗಕ್ಕೆ ಬರಬಹುದು.

ನಮ್ಮ ಕೆಲಸದಲ್ಲಿ ಬಾರ್ತೆಲ್ ಇಂಡೆಕ್ಸ್ ಅಂತ ಒಂದು ಪಟ್ಟಿ ಇದೆ. 1965ರಿಂದ ಬಳಕೆಯಲ್ಲಿದೆ. ಊಟ, ಸ್ನಾನ, ಬಟ್ಟೆ, ಶೌಚ, ಮಂಚದಿಂದ ಕುರ್ಚಿಗೆ ಬರೋದು, ನಡೆಯೋದು, ಮೆಟ್ಟಿಲು ಹತ್ತೋದು, ಹೀಗೆ 10 ಕೆಲಸ, 100 ಅಂಕ. ಒಳ್ಳೆ ಪಟ್ಟಿ, ಇವತ್ತಿಗೂ ಬಳಸುತ್ತೇನೆ. ಆದರೆ ಅದೇ ಪಟ್ಟಿಯಲ್ಲಿ ಒಂದೇ ಸಮ ಅಂಕ ಬಂದ ಇಬ್ಬರಲ್ಲಿ ಒಬ್ಬರು ಜಗಲಿ ಮೇಲೆ ಕೂತು ಹೋಗಿಬರೋರನ್ನೆಲ್ಲ ಮಾತಾಡಿಸ್ತಾ ಇರುತ್ತಾರೆ, ಇನ್ನೊಬ್ಬರು ಗೋಡೆ ಕಡೆ ತಿರುಗಿ ಮಲಗಿರುತ್ತಾರೆ. 1999ರಲ್ಲಿ ಗ್ಯಾರಿ ಆಲ್‌ಬ್ರೆಕ್ಟ್ ಮತ್ತು ಪ್ಯಾಟ್ರಿಕ್ ಡೆವ್ಲಿಗರ್ ಅನ್ನೋ ಸಂಶೋಧಕರು ಅಮೆರಿಕದಲ್ಲಿ ಅಂಗವೈಕಲ್ಯ ಇರುವವರನ್ನು ಮಾತಾಡಿಸಿ ಒಂದು ಲೇಖನ ಬರೆದರು. ಹೊರಗಿನವರ ಕಣ್ಣಿಗೆ ತುಂಬಾ ಕಷ್ಟದಲ್ಲಿದ್ದಾರೆ ಅನ್ನಿಸುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಮ್ಮ ಬದುಕು ಚೆನ್ನಾಗಿದೆ ಅಂದಿದ್ದರು. ಚೆನ್ನಾಗಿಲ್ಲ ಅಂದವರು ಹೇಳಿದ್ದು ನೋವು, ಸುಸ್ತು, ಯಾವುದೂ ತಮ್ಮ ಕೈಯಲ್ಲಿಲ್ಲ ಅನ್ನೋ ಭಾವನೆ. ಇದನ್ನು ಓದಿದಾಗ ನನಗೆ ನಮ್ಮ ಹಳ್ಳಿಗಳ ಮನೆಗಳೇ ಕಣ್ಣ ಮುಂದೆ ಬಂದವು.

ಬದುಕು ಹೇಗಿದೆ ಅಂತ ಕೇಳೋಕೆ ನಾನು ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯವರು ಮಾಡಿದ ಪ್ರಶ್ನಾವಳಿ, ಡಬ್ಲ್ಯೂಎಚ್‌ಓ ಕ್ವಾಲ್-ಬ್ರೆಫ್. ನಾವು ಸುಮ್ನೆ ಬ್ರೆಫ್ ಅನ್ನುತ್ತೇವೆ. ಇದರ ದೊಡ್ಡ ರೂಪದಲ್ಲಿ 100 ಪ್ರಶ್ನೆ ಇದ್ದವು. ಅದನ್ನು 1990ರ ದಶಕದಲ್ಲಿ ಪ್ರಪಂಚದ 15 ಕೇಂದ್ರಗಳಲ್ಲಿ ಸೇರಿ ತಯಾರಿಸಿದ್ದು, ಅದರಲ್ಲಿ ದೆಹಲಿ ಮತ್ತು ಚೆನ್ನೈ ಕೂಡ ಇದ್ದವು. ಬ್ರೆಫ್‌ನಲ್ಲಿ 26 ಪ್ರಶ್ನೆ. ಮೊದಲ ಎರಡು ಒಟ್ಟಾರೆ ಬದುಕು ಮತ್ತು ಆರೋಗ್ಯದ ಬಗ್ಗೆ. ಉಳಿದ 24ರಲ್ಲಿ ದೇಹದ್ದು 7, ಮನಸ್ಸಿನದು 6, ಜನರ ಜೊತೆಗಿನ ಸಂಬಂಧದ್ದು 3, ಸುತ್ತಲಿನ ಪರಿಸರದ್ದು 8. ಪರಿಸರ ಅಂದರೆ ಮನೆ, ದುಡ್ಡು, ಓಡಾಟದ ವ್ಯವಸ್ಥೆ, ಆಸ್ಪತ್ರೆ ಕೈಗೆ ಸಿಗುತ್ತಾ, ಭದ್ರವಾಗಿದ್ದೇನೆ ಅನ್ಸುತ್ತಾ, ವಿಷಯಗಳು ತಿಳಿಯುತ್ತಾ, ಮನರಂಜನೆ ಇದೆಯಾ, ಎಲ್ಲ ಬರುತ್ತೆ. ಪ್ರತಿ ಉತ್ತರಕ್ಕೂ 1ರಿಂದ 5. ನೋವಿನ ಪ್ರಶ್ನೆಯಂಥ ಮೂರಕ್ಕೆ ಮಾತ್ರ ಅಂಕವನ್ನು ಉಲ್ಟಾ ಮಾಡಿಕೊಳ್ಳಬೇಕು, ಯಾಕಂದರೆ ಅಲ್ಲಿ ಜಾಸ್ತಿ ಅಂದರೆ ಕೆಟ್ಟದ್ದು.

ನನಗೆ ಇದರಲ್ಲಿ ತುಂಬಾ ಇಷ್ಟವಾಗಿದ್ದು, ಕೊನೆಗೆ ಎಲ್ಲ ಕೂಡಿಸಿ ಒಂದೇ ಮೊತ್ತ ಕೊಡೋದಿಲ್ಲ. ನಾಲ್ಕು ಭಾಗಕ್ಕೆ ನಾಲ್ಕು ಬೇರೆ ಬೇರೆ ಅಂಕ. ಒಂದೇ ಅಂಕ ಬಂದಿದ್ದರೆ ನಾನು ಏನು ಮಾಡಬೇಕು ಅಂತ ಗೊತ್ತೇ ಆಗುತ್ತಿರಲಿಲ್ಲ. ನಾಲ್ಕು ಬಂದಾಗ ಎಲ್ಲಿ ಕೈ ಹಾಕಬೇಕು ಅಂತ ತಿಳಿಯುತ್ತೆ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಅದು ದೇಹದ ಭಾಗ ಅಲ್ಲ. ಬರೀ ದೇಹ ನೋಡೋಕೆ ಅಂತ ಹೋಗುವ ನನ್ನಂಥವರಿಗೆ ಇದು ದೊಡ್ಡ ವಿಷಯ.

ಇನ್ನು ಕೇಳುವ ವಿಧಾನ. ಪ್ರಶ್ನಾವಳಿ ಕೇಳೋದು ಕಳೆದ ಎರಡು ವಾರದ ಬಗ್ಗೆ. ಎರಡು ವಾರ ಅಂದರೆ ನಮ್ಮ ಹಿರಿಯರಿಗೆ ಲೆಕ್ಕ ಸಿಗಲ್ಲ. "ಹಿಂದಿನ ಎರಡು ಸಂತೆಯಿಂದ ಈಚೆಗೆ" ಅಂದರೆ ತಕ್ಷಣ ಸಿಗುತ್ತೆ. ಬರೀ "ಹೇಗಿದ್ದೀರಿ" ಅಂದರೆ ಬರುವ ಉತ್ತರ "ಪರವಾಗಿಲ್ಲ ಕಣಪ್ಪ", "ದೇವ್ರು ಇಟ್ಟಂಗೈತೆ". ಅದನ್ನು 3 ಅಂತ ಬರೆದುಕೊಂಡು ಬಂದರೆ ಹಾಳೆಯೆಲ್ಲ ಮೂರೇ ತುಂಬಿರುತ್ತೆ, ಪ್ರಯೋಜನ ಇಲ್ಲ. ಹಾಗಾಗಿ ಐದು ಕಡ್ಲೆಕಾಯಿ ನೆಲದ ಮೇಲೆ ಇಡುತ್ತೇನೆ. ನಮ್ಮ ಕಡೆ ಕಡ್ಲೆಕಾಯಿ ಇಲ್ಲದ ಮನೆ ಇಲ್ಲ. ಐದು ಆಯ್ಕೆಗಳನ್ನು ಬಾಯಲ್ಲಿ ಓದಿ ಹೇಳಿ, ಇದರಲ್ಲಿ ಎಷ್ಟು ಎತ್ತಿಕೊಳ್ತೀರಿ ಅಂತ ಕೇಳುತ್ತೇನೆ. ಓದು ಬಾರದವರೂ ಯೋಚನೆ ಮಾಡಿ ಎತ್ತುತ್ತಾರೆ. ಎರಡು ಎತ್ತಿ, ಸ್ವಲ್ಪ ತಡೆದು, ಒಂದನ್ನು ವಾಪಸ್ ಇಡುತ್ತಾರೆ. ಹಾಗೆ ವಾಪಸ್ ಇಟ್ಟಾಗ ಯಾಕೆ ಅಂತ ಕೇಳಲೇಬೇಕು. ನನಗೆ ಬೇಕಾದ ವಿಷಯ ಅಲ್ಲೇ ಇರುತ್ತೆ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಅಂಕದ ಪಕ್ಕ ಬರೆದುಕೊಳ್ಳುತ್ತೇನೆ.

ವ್ಯಾಯಾಮ ಮಾಡಿಸುವ ಮೊದಲೇ ಕೇಳಬೇಕು. ಆಮೇಲೆ ಕೇಳಿದರೆ ಆಗ ತಾನೇ ಎದ್ದ ಭುಜದ ನೋವು ಎಲ್ಲ ಉತ್ತರದಲ್ಲೂ ಸೇರಿಕೊಳ್ಳುತ್ತೆ. ಇನ್ನೊಂದು, ಒಬ್ಬರೇ ಇರುವಾಗ ಕೇಳಬೇಕು. ಮಗ ಪಕ್ಕದಲ್ಲಿ ನಿಂತಿದ್ದರೆ ತಮ್ಮವರ ಜೊತೆಗಿನ ಸಂಬಂಧದ ಪ್ರಶ್ನೆಗೆ ಯಾವಾಗಲೂ ಐದು ಕಡ್ಲೆಕಾಯಿ. ಅಥವಾ ಮಗನೇ ಉತ್ತರ ಹೇಳಿಬಿಡುತ್ತಾನೆ, "ಅಪ್ಪಂಗೆ ಏನೂ ಕಮ್ಮಿ ಮಾಡಿಲ್ಲ ಸಾರ್." ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಅದು ಮಗನ ಉತ್ತರ, ಅಪ್ಪನದಲ್ಲ. ದಾಂಪತ್ಯದ ಒಂದು ಪ್ರಶ್ನೆ ಇದೆ, ಅದನ್ನು ಗಂಡ ಅಥವಾ ಹೆಂಡತಿ ತೀರಿಕೊಂಡವರಿಗೆ ಕೇಳುವುದಿಲ್ಲ. ಆಗ ಸಂಬಂಧದ ಭಾಗದಲ್ಲಿ ಎರಡೇ ಪ್ರಶ್ನೆ ಉಳಿಯುತ್ತೆ, ಆ ಅಂಕದ ಮೇಲೆ ಜಾಸ್ತಿ ಭಾರ ಹಾಕಲ್ಲ, ಪಕ್ಕದಲ್ಲಿ ಬರೆದ ಮಾತನ್ನೇ ನೋಡುತ್ತೇನೆ.

ಒಂದು ಮನೆಯ ವಿಷಯ ವಿವರವಾಗಿ ಹೇಳಬೇಕು. ಪಾರ್ಶ್ವವಾಯು ಆಗಿ ಬಲಗಡೆ ಬಿದ್ದುಹೋಗಿದ್ದ ಒಬ್ಬ ಹಿರಿಯರು. ಚೊಕ್ಕ ಹಾಸಿಗೆ, ಹೊತ್ತಿಗೆ ಸರಿಯಾಗಿ ಮಾತ್ರೆ, ಮುದ್ದೆಯನ್ನು ಸಾರಲ್ಲಿ ಮೆತ್ತಗೆ ಮಾಡಿ ಕೊಡುವ ಸೊಸೆ. ದೇಹದ ಅಂಕ ಕಡಿಮೆ ಬಂತು, ಅದು ನಿರೀಕ್ಷೆ ಮಾಡಿದ್ದೇ. ಎಲ್ಲಕ್ಕಿಂತ ಕಡಿಮೆ ಬಂದಿದ್ದು ಸಂಬಂಧದ ಭಾಗ. ಸ್ನೇಹಿತರ ಪ್ರಶ್ನೆಗೆ ಒಂದೇ ಕಡ್ಲೆಕಾಯಿ ಎತ್ತಿದರು. ಯಾಕೆ ಅಂದೆ. "ಒಳಮನೆ ತನ್ಕ ಯಾರ್ ಬತ್ತಾರೆ?" ಅಂದರು. ಆಸ್ಪತ್ರೆಯಿಂದ ಬಂದ ಮೇಲೆ ಬಚ್ಚಲಿಗೆ ಹತ್ತಿರ ಆಗಲಿ ಅಂತ ಅವರ ಮಂಚವನ್ನು ಹಿಂದಿನ ಕೋಣೆಗೆ ಹಾಕಿದ್ದರು. ಮನೆಯವರ ದೃಷ್ಟಿಯಲ್ಲಿ ಸರಿಯಾದ ಯೋಚನೆಯೇ. ಆದರೆ ಊರಿನವರು ಪಡಸಾಲೆಗೆ ಬರೋದು, ಮಗನ ಹತ್ತಿರ "ಅಪ್ಪ ಹೆಂಗವ್ರೆ" ಅಂತ ಕೇಳೋದು, ಟೀ ಕುಡಿದು ಹೋಗೋದು. ಇವರಿಗೆ ಬರೀ ಧ್ವನಿ ಕೇಳಿಸೋದು.

ಮಂಚವನ್ನು ಪಡಸಾಲೆಗೆ ತರೋಣ ಅಂದೆ. ಬಚ್ಚಲು ದೂರ ಆಗುತ್ತಲ್ಲ ಅಂದರು, ಅದೂ ನಿಜ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಕುರ್ಚಿಗೆ ತೂತು ಮಾಡಿಸಿ, ಕೆಳಗೆ ಬಕೆಟ್ ಇಟ್ಟು, ಎರಡೂ ಕಡೆ ಕೈ ಊರೋಕೆ ಗಟ್ಟಿ ಪಟ್ಟಿ ಹಾಕಿಸಿದೆವು. ಮೂಲೆಯಲ್ಲಿ ಹಳೇ ಪಂಚೆಯ ಪರದೆ. ಮಂಚದ ಎತ್ತರ ಮತ್ತು ಕುರ್ಚಿಯ ಎತ್ತರ ಒಂದೇ ಮಾಡಿದೆವು. ಇದು ಬಹಳ ಮುಖ್ಯ, ಎತ್ತರ ಸರಿ ಇದ್ದರೆ ಒಬ್ಬರ ಸಹಾಯ ಸಾಕು. ಎಡಗೈ ಊರಿ, ಎಡಗಾಲ ಮೇಲೆ ಭಾರ ಹಾಕಿ ತಿರುಗಿ ಕೂರೋದನ್ನು ದಿನಾ ಅಭ್ಯಾಸ ಮಾಡಿಸಿದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ವಾಪಸ್ ಹೋಗೋರು ಒಬ್ಬೊಬ್ಬರೇ ಒಳಗೆ ಬಂದು ಕೂರೋಕೆ ಶುರುವಾಯಿತು. ಹಗಲು ಎಚ್ಚರವಾಗಿ, ಬೆಳಕಲ್ಲಿ, ಮಾತಲ್ಲಿ ಇದ್ದರಿಂದ ರಾತ್ರಿ ನಿದ್ದೆಯೂ ಬರತೊಡಗಿತು. ಕೆಲವು ತಿಂಗಳ ನಂತರ ಮತ್ತೆ ಅಳೆದಾಗ ಬಾರ್ತೆಲ್ ಅಂಕ ಹೆಚ್ಚೇನೂ ಬದಲಾಗಿರಲಿಲ್ಲ. ಸ್ನೇಹಿತರ ಪ್ರಶ್ನೆಗೆ ನಾಲ್ಕು ಕಡ್ಲೆಕಾಯಿ ಎತ್ತಿದರು. ಬರೀ ಬಾರ್ತೆಲ್ ನೋಡಿದ್ದರೆ ಈ ಮನೆಯಲ್ಲಿ ಏನೂ ಸುಧಾರಿಸಿಲ್ಲ ಅಂತ ಬರೆಯಬೇಕಿತ್ತು, ಅಲ್ವಾ?

ಇನ್ನೊಬ್ಬರು ಅಜ್ಜಿ. ಎಡಗೈ ಬಲ ಇಲ್ಲ. ಬದುಕಿಗೆ ಅರ್ಥ ಇದೆ ಅನ್ಸುತ್ತಾ ಅನ್ನೋ ಪ್ರಶ್ನೆಗೆ ಒಂದನ್ನೂ ಎತ್ತಲಿಲ್ಲ. "ತಿನ್ನೋದೊಂದೇ ನನ್ ಕೆಲ್ಸ" ಅಂದರು. ಅದು ಬಿತ್ತನೆಗೆ ಮುಂಚಿನ ಕಾಲ, ಮನೆಯಲ್ಲಿ ಬಿತ್ತನೆ ಬೀಜಕ್ಕೆ ಕಾಯಿ ಬಿಡಿಸುತ್ತಿದ್ದರು. ಎಡಗೈಯಲ್ಲಿ ಕಾಯಿ ಹಿಡಿದು ಬಲಗೈಯಲ್ಲಿ ಒಡೆಯೋದು ನನ್ನ ರಬ್ಬರ್ ಚೆಂಡಿಗಿಂತ ಒಳ್ಳೆ ವ್ಯಾಯಾಮ. ಬೆರಳು ಮುಚ್ಚಬೇಕು, ಬಿಡಬೇಕು, ಕಣ್ಣು ಕೈ ಜೊತೆ ಇರಬೇಕು. ಮಕ್ಕಳು ಒಪ್ಪಲಿಲ್ಲ, ಈ ವಯಸ್ಸಲ್ಲಿ ಅಮ್ಮನ ಕೈಲಿ ಕೆಲಸ ಮಾಡಿಸೋದಾ ಅಂತ. ಅಜ್ಜಿಯನ್ನೇ ಕೇಳಿ ಅಂದೆ. ಅಜ್ಜಿ ಆಗಲೇ ಮೊರ ಹತ್ತಿರಕ್ಕೆ ಎಳೆದುಕೊಂಡಿದ್ದರು. ಪ್ರೀತಿಯಿಂದಲೇ ನಾವು ಹಿರಿಯರ ಕೈಯಿಂದ ಒಂದೊಂದೇ ಕೆಲಸ ಕಿತ್ತುಕೊಳ್ಳುತ್ತೇವೆ. ಇದರ ಬಗ್ಗೆ ನನಗೆ ತುಂಬಾ ಬೇಜಾರಿದೆ, ಹೋದ ಕಡೆಯೆಲ್ಲ ಹೇಳುತ್ತೇನೆ.

ದುಡ್ಡಿನ ಪ್ರಶ್ನೆಯಲ್ಲೂ ಇಂಥದ್ದೇ ಕಂಡಿದೆ. ದುಡ್ಡು ಮುಖ್ಯ ಅಲ್ಲ ಅಂತ ನಾನು ಯಾವತ್ತೂ ಹೇಳಲ್ಲ, ಇಲ್ಲದವರ ಮನೆಗೆ ಹೋಗಿ ನೋಡಿದವರು ಯಾರೂ ಹಾಗೆ ಹೇಳಲ್ಲ. ಆದರೆ ಒಂದೇ ಮೊತ್ತದ ಪಿಂಚಣಿ ಬರುವ ಇಬ್ಬರಲ್ಲಿ ಪಾಸ್‌ಬುಕ್ ತಮ್ಮ ಹತ್ತಿರ ಇರುವವರು, ಮೊಮ್ಮಗುವಿಗೆ ಬಿಸ್ಕೆಟ್ ತಮ್ಮ ಕೈಯಿಂದಲೇ ಕೊಡಿಸುವವರು ಜಾಸ್ತಿ ಎತ್ತುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಓಡಾಟದ ಉತ್ತರಗಳೂ ಬದಲಾದವು. ಮಗಳ ಊರಿಗೆ ಹೋಗೋಕೆ ಯಾರ ಹತ್ತಿರವೂ ಬಸ್ ಚಾರ್ಜ್ ಕೇಳಬೇಕಿಲ್ಲ. ಆದರೆ ಮಂಡಿ ಸವೆದವರಿಗೆ ಬಸ್ಸಿನ ಮೊದಲ ಮೆಟ್ಟಿಲೇ ಎತ್ತರ. ಅಂಥವರಿಗೆ ನಾನು ಆ ಮೆಟ್ಟಿಲನ್ನೇ ಗುರಿ ಇಟ್ಟು ವ್ಯಾಯಾಮ ಕೊಡುತ್ತೇನೆ. ಮನೆಯಲ್ಲಿ ಇಟ್ಟಿಗೆ ಜೋಡಿಸಿ, ಪ್ರತಿ ವಾರ ಸ್ವಲ್ಪ ಎತ್ತರ ಮಾಡಿ, ಕಂಬಿ ಹಿಡಿದು, ನೋವು ಕಡಿಮೆ ಇರುವ ಕಾಲು ಮೊದಲು ಮೇಲಕ್ಕೆ, ಇಳಿಯುವಾಗ ನೋವಿನ ಕಾಲು ಮೊದಲು ಕೆಳಕ್ಕೆ. "ತೊಡೆಯ ಸ್ನಾಯು ಬಲ ಆಗಬೇಕು" ಅಂದರೆ ಯಾರೂ ಮಾಡಲ್ಲ. ಮಗಳ ಮನೆಗೆ ಹೋಗಬೇಕು ಅಂದರೆ ಮಾಡುತ್ತಾರೆ.

ಪಾವಗಡದ ಕಡೆ ನೀರಿನ ವಿಷಯ ಬಿಟ್ಟು ಈ ಮಾತು ಆಡೋಕಾಗಲ್ಲ. ಕೊಳವೆಬಾವಿ ನೀರಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಚಿಕ್ಕ ವಯಸ್ಸಲ್ಲಿ ಕುಡಿದು ಬೆಳೆದರೆ ಹಲ್ಲು ಕಂದು ಬಣ್ಣ ಆಗಬಹುದು, ಫ್ಲೋರೈಡ್ ತೀರಾ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು, ಕೀಲು ಬಿಗಿಯುತ್ತೆ. ಹಾಗೆ ಬಿಗಿದ ಬೆನ್ನಿಗೆ ನನ್ನ ಕೈಯಲ್ಲಿ ಆಗೋದು ಕಡಿಮೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುತ್ತೆ ಅಂತ ಕೆಲವರು ನಂಬಿದ್ದಾರೆ, ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಶುದ್ಧ ನೀರಿನ ಘಟಕ ಇರುವ ಊರಲ್ಲೂ 20 ಲೀಟರ್ ಕ್ಯಾನ್ ಹೊರೋರು ಯಾರು? ಒಂಟಿಯಾಗಿರುವ ಅಜ್ಜಿ ಮನೆ ಮುಂದಿನ ನಲ್ಲಿ ನೀರನ್ನೇ ಕುಡಿಯುತ್ತಾರೆ. ಅದಕ್ಕೆ ನೀರು ಎಲ್ಲಿಂದ, ತರೋರು ಯಾರು ಅಂತ ಮೊದಲ ದಿನವೇ ಕೇಳುತ್ತೇನೆ. ಒಂದು ಕಡೆ ಪಕ್ಕದ ಮನೆ ಹುಡುಗ ತನ್ನ ಬೈಕಲ್ಲಿ ಇನ್ನೊಂದು ಕ್ಯಾನ್ ತರೋಕೆ ಒಪ್ಪಿದ. ಅಷ್ಟಕ್ಕೇ ಆಯಿತು.

ನೋಡಿಕೊಳ್ಳುವವರನ್ನೂ ಕೇಳಬೇಕು. ಇದನ್ನು ತುಂಬಾ ಜನ ಬಿಡುತ್ತಾರೆ. ಎಷ್ಟೋ ಮನೆಗಳಲ್ಲಿ ರೋಗಿಗಿಂತ ಸೊಸೆಯ ಅಂಕ ಕಡಿಮೆ ಬಂದಿದೆ. ನಿದ್ದೆಯ ಪ್ರಶ್ನೆಗೆ ಒಂದು, ಬಿಡುವಿನ ಪ್ರಶ್ನೆಗೆ ಒಂದು. ರಾತ್ರಿ ಮೂತ್ರಕ್ಕೆ ಎಬ್ಬಿಸೋಕೆ ಎದ್ದು ಎದ್ದು ಸಾಕಾಗಿರುತ್ತಾರೆ. ಗಂಡಸರಿಗಾದರೆ ಮೆಡಿಕಲ್ ಶಾಪಲ್ಲಿ ಸಿಗುವ ಯೂರಿನ್ ಬಾಟಲಿ ಮಂಚದ ಪಕ್ಕ ಕೈಗೆ ಸಿಗೋ ಹಾಗೆ ಇಟ್ಟರೆ ಅರ್ಧ ಕಷ್ಟ ಕಳೆಯುತ್ತೆ. ಒಬ್ಬ ಹೆಣ್ಣುಮಗಳು ಅತ್ತೆ ಹಾಸಿಗೆ ಹಿಡಿದ ಮೇಲೆ ಗೌರಿ ಹಬ್ಬಕ್ಕೆ ತವರಿಗೆ ಹೋಗಿಯೇ ಇರಲಿಲ್ಲ. ನಾದಿನಿಯನ್ನು ಕರೆಸಿ, ಮಗ್ಗುಲು ಬದಲಿಸೋದು, ಕೂರಿಸೋದು, ಊಟ ಮಾಡಿಸೋದು ಎಲ್ಲ ಕಲಿಸಿ, ಆಕೆಯನ್ನು ತವರಿಗೆ ಕಳಿಸಿದೆವು. ವಾಪಸ್ ಬಂದ ಮೇಲೆ ಅತ್ತೆಯ ವ್ಯಾಯಾಮ ತಪ್ಪದೆ ನಡೆಯಿತು. ನಾನು ಬರೆದುಕೊಟ್ಟ ಯಾವ ಚೀಟಿಯಿಂದಲೂ ಅದು ಆಗಿರಲಿಲ್ಲ.

ಎಲ್ಲವೂ ಮನೆಯೊಳಗೆ ಸರಿಹೋಗಲ್ಲ. ಹೊಸ್ತಿಲ ಆಚೆ ಇಳಿಜಾರು ಬೇಕು, ಬಚ್ಚಲಲ್ಲಿ ಹಿಡಿಕಂಬಿ ಬೇಕು, ಗಾಲಿಕುರ್ಚಿ ಬೇಕು. ಅಂಥವನ್ನು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಹತ್ತಿರ ತೆಗೆದುಕೊಂಡು ಹೋಗುತ್ತೇನೆ. ವಿಆರ್‌ಡಬ್ಲ್ಯೂ ಅಂದರೆ ಹಳ್ಳಿಯಲ್ಲಿ ಗೊತ್ತಾಗುತ್ತೆ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿಕೊಡೋಕೆ, ಪಂಚಾಯಿತಿಯಲ್ಲಿ ಅಂಗವಿಕಲರಿಗೆ ಮೀಸಲಿಡುವ ಹಣದಲ್ಲಿ ಅರ್ಜಿ ಹಾಕೋಕೆ ಅವರೇ ದಾರಿ ತೋರಿಸುತ್ತಾರೆ. ಅರ್ಜಿ ಜೊತೆ ಬ್ರೆಫ್ ಹಾಳೆಯ ಪರಿಸರದ ಭಾಗ ಮತ್ತು ಪಕ್ಕದಲ್ಲಿ ಬರೆದ ಮಾತನ್ನೂ ಇಡುತ್ತೇನೆ, ಅದಕ್ಕೆ ಮೊದಲು ಅವರ ಒಪ್ಪಿಗೆ ಕೇಳಿರುತ್ತೇನೆ. ಒಂದು ಮನೆಗೆ ಹಿಡಿಕಂಬಿ ಬಂತು. ಇನ್ನೊಂದು ಮನೆಯ ಇಳಿಜಾರಿಗೆ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕು, ಮುಂದಿನ ಅಂಗಳದಲ್ಲಿ ಅಷ್ಟು ಜಾಗ ಇಲ್ಲ. ಪಕ್ಕದ ಗೋಡೆ ಉದ್ದಕ್ಕೆ ತಿರುಗಿಸಿ ಕಟ್ಟಬಹುದಾ ಅಂತ ಮೇಸ್ತ್ರಿಯನ್ನು ಕರೆದು ತೋರಿಸಬೇಕು.