ಇಜಿಆರ್ ವಾಲ್ವ್ ಬದಲಾಯಿಸುವ ಮೊದಲು ಮಾಡಬೇಕಾದ ಪರೀಕ್ಷೆ

ಎಂಜಿನ್ ಹೊರಬಿಡುವ ಹೊಗೆಯ ಒಂದು ಪಾಲನ್ನು ಮತ್ತೆ ಒಳಗಾಳಿಗೆ ಬೆರೆಸಿ, ದಹನದ ಉಷ್ಣತೆಯನ್ನು ತಗ್ಗಿಸಿ, ನೈಟ್ರೋಜನ್ ಆಕ್ಸೈಡುಗಳ ಪ್ರಮಾಣವನ್ನು ಇಳಿಸುವುದು ಇಜಿಆರ್ (ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಷನ್) ವ್ಯವಸ್ಥೆಯ ಕೆಲಸ; ಆ ಹೊಗೆಯ ಹರಿವನ್ನು ಹೆಚ್ಚು ಕಡಿಮೆ ಮಾಡುವುದು ಅದರ ವಾಲ್ವ್. ಡೀಸೆಲ್ ಕಾರಿನ ಪಿಕಪ್ ಕುಗ್ಗಿ, ಕಪ್ಪು ಹೊಗೆ ಕಾಣಿಸಿಕೊಂಡು, ಚೆಕ್ ಎಂಜಿನ್ ದೀಪ ಹೊತ್ತಿಕೊಂಡರೆ ಒಡನೆಯೇ ಹೊಸ ವಾಲ್ವ್ ಹಾಕಿಸುವವರಿದ್ದಾರೆ. ದೋಷ ವಾಲ್ವಿನಲ್ಲಿದೆಯೋ, ಹೊಗೆ ಹರಿಯುವ ದಾರಿಯಲ್ಲಿದೆಯೋ ಎಂದು ಮೊದಲು ಬೇರ್ಪಡಿಸಿ ನೋಡದಿದ್ದರೆ ಆ ಹಣ ವ್ಯರ್ಥವಾಗಬಹುದು.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ ಪರೀಕ್ಷೆಗೆ ತೊಡಗಬೇಕು; ತಣ್ಣಗಿರುವಾಗ ಹಲವು ಕಾರುಗಳಲ್ಲಿ ಈ ವ್ಯವಸ್ಥೆ ಕೆಲಸ ಮಾಡುವುದೇ ಇಲ್ಲ. ಕಾರಿನ ಕಂಪ್ಯೂಟರಿನೊಡನೆ ಮಾತಾಡುವ ಸಾಧನವಾದ ಸ್ಕ್ಯಾನರ್ ಜೋಡಿಸಿ ದೋಷದ ಕೋಡ್ ಓದಿರಿ. ಪಿ0401 ಎಂದರೆ ಹರಿವು ಸಾಲದು, ಪಿ0402 ಎಂದರೆ ಹರಿವು ಅತಿಯಾಗಿದೆ, ಪಿ0403 ಎಂದರೆ ವಿದ್ಯುತ್ ಸಂಪರ್ಕದಲ್ಲಿ ದೋಷವಿದೆ. ಕೊನೆಯದು ಬಂದಿದ್ದರೆ ವಾಲ್ವನ್ನು ಬಿಚ್ಚುವ ಮೊದಲು ಕನೆಕ್ಟರ್ ಮತ್ತು ವೈರುಗಳನ್ನು ನೋಡಬೇಕು.

ಮುಖ್ಯ ಪರೀಕ್ಷೆ ಇನ್ನು ಮುಂದಿನದು. ಐಡ್ಲಿಂಗ್‌ನಲ್ಲಿ ಸ್ಕ್ಯಾನರಿನಿಂದಲೇ ವಾಲ್ವನ್ನು ಪೂರ್ತಿ ಮುಚ್ಚಿಸಿ, ಬಳಿಕ ಸ್ವಲ್ಪ ಸ್ವಲ್ಪವಾಗಿ ತೆರೆಸುತ್ತಾ, ಒಳಗೆ ಹೋಗುವ ಹೊಸ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರಿನ ಅಂಕಿಯನ್ನು ಗಮನಿಸಿರಿ. ಒಳಗೆ ಹೊಗೆ ಬಂದಷ್ಟೂ ಹೊಸ ಗಾಳಿಗೆ ಜಾಗ ಕಡಿಮೆಯಾಗುವುದರಿಂದ, ವಾಲ್ವ್ ತೆರೆದಂತೆ ಆ ಅಂಕಿ ಸ್ಪಷ್ಟವಾಗಿ ಇಳಿಯಬೇಕು. ನಾವು ಹೇಳಿದ ಸ್ಥಾನಕ್ಕೂ ವಾಲ್ವ್ ನಿಂತ ಸ್ಥಾನಕ್ಕೂ ಹೊಂದಿಕೆಯಾಗದಿದ್ದರೆ ವಾಲ್ವ್ ಸಿಕ್ಕಿಕೊಂಡಿರುವ ಸಂಭವ ಹೆಚ್ಚು. ಸ್ಥಾನ ಸರಿಯಾಗಿದ್ದೂ ಗಾಳಿಯ ಅಂಕಿ ಕದಲದಿದ್ದರೆ ಹೊಗೆಯನ್ನು ತಣಿಸುವ ಇಜಿಆರ್ ಕೂಲರ್ ಅಥವಾ ಪೈಪು ಕಟ್ಟಿಕೊಂಡಿರಬಹುದು; ಅಲ್ಲಿ ಹೊಸ ವಾಲ್ವ್ ಹಾಕಿ ಫಲವಿಲ್ಲ.

ವ್ಯಾಕ್ಯೂಮಿನ (ನಿರ್ವಾತದ) ಎಳೆತದಿಂದ ವಾಲ್ವ್ ತೆರೆದುಕೊಳ್ಳುವ ಹಳೆಯ ಪೆಟ್ರೋಲ್ ಕಾರುಗಳಲ್ಲಿ ಸ್ಕ್ಯಾನರ್ ಬೇಕಿಲ್ಲ. ಐಡ್ಲಿಂಗ್‌ನಲ್ಲಿ ಕೈಪಂಪಿನಿಂದ ವಾಲ್ವಿಗೆ ವ್ಯಾಕ್ಯೂಮ್ ಕೊಟ್ಟರೆ ಎಂಜಿನ್ ನಡುಗಬೇಕು, ಇಲ್ಲವೇ ನಿಂತುಹೋಗಬೇಕು. ಪಂಪಿನ ಮುಳ್ಳು ಹಾಗೆಯೇ ಕೆಳಗಿಳಿದುಬಿಟ್ಟರೆ ವಾಲ್ವಿನೊಳಗಿನ ಪೊರೆ, ಅಂದರೆ ಡಯಾಫ್ರಾಮ್, ಹರಿದಿದೆಯೆಂದು ತಿಳಿಯಬಹುದು.

ಎಂಜಿನ್ ನಿಲ್ಲಿಸಿ ತಣ್ಣಗಾದ ಬಳಿಕ ವಾಲ್ವನ್ನು ಬಿಚ್ಚಿ ನೋಡಿರಿ. ಡೀಸೆಲ್ ಎಂಜಿನ್ನಿನಲ್ಲಿ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿದಂಥ ಕರಿ ಮುದ್ದೆ ವಾಲ್ವ್ ಮುಚ್ಚಿದಾಗ ಕೂರುವ ಸೀಟಿನ ಸುತ್ತ ಅಂಟಿರುತ್ತದೆ. ಅದನ್ನು ಕ್ಲೀನರ್ ಹಾಕಿ ನೆನೆಸಿ, ಮೆತ್ತಗಿನ ಬ್ರಷ್ಷಿನಿಂದ ತೆಗೆಯಬೇಕು. ಸ್ಕ್ರೂಡ್ರೈವರಿನಿಂದ ಕೆರೆದರೆ ಸೀಟಿಗೆ ಗೀರು ಬಿದ್ದು ಹೊಗೆ ಸೋರುತ್ತದೆ. ವಾಲ್ವನ್ನು ಆಡಿಸುವ ಮೋಟಾರಿನ ಭಾಗಕ್ಕೆ ಕ್ಲೀನರ್ ತಾಗಿಸಬಾರದು.

ತಗಡು ಇಟ್ಟು ಇಜಿಆರ್ ಹೊಗೆಯ ದಾರಿಯನ್ನೇ ಮುಚ್ಚಿಸುವ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಎಮಿಷನ್ ತಪಾಸಣೆಯಲ್ಲಿ ಡೀಸೆಲ್ ಕಾರಿನ ಹೊಗೆಯ ಸಾಂದ್ರತೆಯನ್ನಷ್ಟೇ ಅಳೆಯುವುದರಿಂದ ಅದು ಸಿಕ್ಕಿಬೀಳದೆ ಇರಬಹುದು, ಆದರೆ ನೈಟ್ರೋಜನ್ ಆಕ್ಸೈಡುಗಳು ನಾವು ಉಸಿರಾಡುವ ಗಾಳಿಗೇ ಸೇರುತ್ತವೆ. ಹೊಸ ಗ್ಯಾಸ್ಕೆಟ್ ಹಾಕಿ ವಾಲ್ವನ್ನು ಕೂರಿಸಿ, ಕೋಡ್ ಅಳಿಸಿ, ಏರ್‌ಫ್ಲೋ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿರಿ.