ಒಂದೇ ಕೆಲಸಕ್ಕೆ ನಾವು ಎಷ್ಟು ಥರ ಸಂಬಳ ಕೊಡ್ತಿದ್ವಿ ಅಂತ ಗೊತ್ತಾಗಿದ್ದು

ಎಚ್‌ಆರ್ ಕೆಲಸಕ್ಕೆ ಬಂದು ಹದಿಮೂರು ವರ್ಷ ಆಯ್ತು. ಅದರಲ್ಲಿ ಮೊದಲ ಎಂಟು ವರ್ಷ ನಾನೂ ಎಲ್ಲರ ಥರಾನೇ ನಂಬ್ಕೊಂಡಿದ್ದೆ, ಒಬ್ಬರಿಗೆ ಜಾಸ್ತಿ ಸಂಬಳ ಇನ್ನೊಬ್ಬರಿಗೆ ಕಮ್ಮಿ ಅಂದ್ರೆ ಅದು ಅವರವರ ಓದು, ಅನುಭವ, ಕೆಲಸ ಮಾಡೋ ರೀತಿ, ಅದರಲ್ಲಿ ಕಂಪನಿದು ಏನೂ ಇಲ್ಲ, ಮಾರ್ಕೆಟ್ ರೇಟ್ ಏನಿದ್ಯೋ ಅದನ್ನ ಕೊಡ್ತೀವಿ ಅಷ್ಟೇ ಅಂತ. ಎಷ್ಟೋ ಜನರನ್ನ ಎದುರಿಗೆ ಕೂರಿಸ್ಕೊಂಡು ಇದೇ ಮಾತು ಹೇಳಿ ಕಳಿಸಿದೀನಿ.

ಆ ನಂಬಿಕೆ ಹೋಗಿದ್ದು ಯಾವ ದೊಡ್ಡ ಪ್ರಶ್ನೆ ಇಟ್ಕೊಂಡೂ ಅಲ್ಲ, ಪೇರೋಲ್ ಸಾಫ್ಟ್‌ವೇರ್ ಬದಲಾಯಿಸುವಾಗ. ಹೊಸ ಸಾಫ್ಟ್‌ವೇರ್‌ಗೆ ಪ್ರತಿಯೊಬ್ಬರಿಗೂ ಒಂದು ಜಾಬ್ ಕೋಡ್ ಬೇಕಿತ್ತು, ನಮ್ಮಲ್ಲಿ ನೋಡಿದ್ರೆ ಒಂದೇ ಕೆಲಸ ಮಾಡೋರಿಗೆ ಒಬ್ಬನಿಗೆ ಎಕ್ಸಿಕ್ಯುಟಿವ್, ಇನ್ನೊಬ್ಬಳಿಗೆ ಕೋಆರ್ಡಿನೇಟರ್, ಮತ್ತೊಬ್ಬರಿಗೆ ಸೀನಿಯರ್ ಅಸೋಸಿಯೇಟ್, ಯಾವ ಮ್ಯಾನೇಜರ್‌ಗೆ ಯಾವತ್ತು ಏನು ತೋಚ್ತೋ ಆ ಹೆಸರು. ಹುದ್ದೆ ಹೆಸರು ಬಿಟ್ಟು ದಿನಾ ಏನ್ ಕೆಲಸ ಮಾಡ್ತಾರೆ ಅಂತ ಟೀಮಿಗೆ ಹೋಗಿ ಕೇಳಿ ಬರೆದುಕೊಂಡೆ, ಮೂರು ವಾರ ಹಿಡೀತು. ಆಮೇಲೆ ಒಂದೇ ಕೋಡ್ ಬಂದವರನ್ನೆಲ್ಲ ಒಟ್ಟಿಗೆ ಇಟ್ಟು ಸಂಬಳದ ಮೇಲೆ ಸಾರ್ಟ್ ಮಾಡಿದೆ. ಒಂದು ಗುಂಪಲ್ಲಿ ಮೇಲಿನವರ ಸಂಬಳ ಕೆಳಗಿನವರದ್ದಕ್ಕೆ ಹತ್ತಿರ ಹತ್ತಿರ ಎರಡರಷ್ಟು.

ತಪ್ಪು ಟೈಪ್ ಮಾಡಿರ್ಬೇಕು ಅಂತ ಮೊದಲು ಅಂದ್ಕೊಂಡೆ. ಅಲ್ಲ. ರೇಟಿಂಗ್ ಪಕ್ಕದಲ್ಲಿಟ್ಟು ನೋಡಿದೆ, ಹೊಂದಲಿಲ್ಲ. ಎಷ್ಟು ವರ್ಷದಿಂದ ಇದಾರೆ ಅಂತ ನೋಡಿದೆ, ಅದು ಉಲ್ಟಾ ಇತ್ತು, ಹಳಬರೇ ಕೆಳಗಿದ್ರು. ಕೊನೆಗೆ ಒಬ್ಬೊಬ್ಬರ ಫೈಲ್ ತೆಗೆದು ಸೇರುವಾಗಿನ ಪೇಪರ್ ನೋಡ್ತಾ ಹೋದಾಗ ಸಿಕ್ತು. ಹಿಂದಿನ ಕಂಪನಿಯ ಸ್ಯಾಲರಿ ಸ್ಲಿಪ್. ನಾವು ಎಲ್ಲರಿಗೂ ಹಳೇ ಸಂಬಳದ ಮೇಲೆ ಇಷ್ಟು ಪರ್ಸೆಂಟ್ ಅಂತ ಹೈಕ್ ಕೊಟ್ಟು ತಗೋತಿದ್ವಿ, ಅದನ್ನ ನ್ಯಾಯ ಅಂತಾನೂ ಹೇಳ್ಕೊಳ್ತಿದ್ವಿ, ಯಾಕಂದ್ರೆ ಎಲ್ಲರಿಗೂ ಒಂದೇ ಪರ್ಸೆಂಟ್ ಅಲ್ವಾ. ಆದ್ರೆ ಕಮ್ಮಿ ಕೊಡೋ ಕಂಪನಿಯಿಂದ ಬಂದವನು ಆ ಕಮ್ಮಿನ ಬೆನ್ನ ಮೇಲೆ ಹೊತ್ಕೊಂಡೇ ನಮ್ಮ ಒಳಗೆ ಬರ್ತಿದ್ದ. ಮಗು ಆದಮೇಲೆ ಎರಡು ವರ್ಷ ಬಿಟ್ಟು ಮತ್ತೆ ಕೆಲಸಕ್ಕೆ ಬಂದ ಹೆಂಗಸರ ಸ್ಲಿಪ್ಪಂತೂ ಎರಡು ವರ್ಷ ಹಳೇದು, ಹೈಕ್ ಅದರ ಮೇಲೆ.

ಇದರ ಬಗ್ಗೆ ಏನಾದ್ರೂ ಬರೆದಿದಾರಾ ಅಂತ ಆಮೇಲೆ ಹುಡುಕಿ ಓದಿದೆ. 1999ರಲ್ಲಿ ಅಬೌಡ್, ಕ್ರಾಮಾರ್ಜ್, ಮಾರ್ಗೋಲಿಸ್ ಅಂತ ಮೂವರು ಅರ್ಥಶಾಸ್ತ್ರಜ್ಞರು ಫ್ರಾನ್ಸ್‌ನ ಕೆಲಸಗಾರರ ಲೆಕ್ಕ ಇಟ್ಕೊಂಡು ಒಂದು ದಾರಿ ಹಾಕಿಕೊಟ್ರು, ಒಬ್ಬ ಮನುಷ್ಯ ಕಂಪನಿ ಬದಲಾಯಿಸ್ದಾಗ ಸಂಬಳ ಏನಾಗುತ್ತೆ ಅಂತ ಹಿಂಬಾಲಿಸಿದ್ರೆ ಅದರಲ್ಲಿ ಮನುಷ್ಯನದ್ದೆಷ್ಟು ಕಂಪನಿದೆಷ್ಟು ಅಂತ ಬಿಡಿಸಬಹುದು. ಅದೇ ದಾರೀಲಿ ಡೇವಿಡ್ ಕಾರ್ಡ್ ಮತ್ತೆ ಜೊತೆಗಾರರು ಪಶ್ಚಿಮ ಜರ್ಮನಿ ಬಗ್ಗೆ 2013ರಲ್ಲಿ ಬರೆದಿದ್ದು ನನಗೆ ತುಂಬಾ ತಾಗ್ತು. ಕಮ್ಮಿ ಕೊಡೋ ಕಡೆಯಿಂದ ಜಾಸ್ತಿ ಕೊಡೋ ಕಡೆಗೆ ಹೋದವರಿಗೆ ಎಷ್ಟು ಏರುತ್ತೋ, ಆ ಕಡೆಯಿಂದ ಈ ಕಡೆಗೆ ಬಂದವರಿಗೆ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತೆ. ಮನುಷ್ಯ ಅದೇ, ಕೈಕೆಲಸ ಅದೇ, ಬದಲಾಗಿದ್ದು ಗೇಟು ಮಾತ್ರ.

ಅಮೆರಿಕದ ಲೆಕ್ಕ ಸ್ವಲ್ಪ ಬೇರೆ. 1978ರಿಂದ 2013ರವರೆಗೆ ಅಲ್ಲಿ ಆದಾಯದ ಅಂತರ ಬೆಳೆದಿದ್ದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಂಪನಿ ಕಂಪನಿ ನಡುವಿಂದು, ಒಂದು ಪಾಲು ಕಂಪನಿ ಒಳಗಿಂದು. ಆದ್ರೆ ಅದಕ್ಕೆ ದೊಡ್ಡ ಕಾರಣ ಕಂಪನಿಗಳು ಬೇಕಂತ ಜಾಸ್ತಿ ಕಮ್ಮಿ ಕೊಟ್ಟಿದ್ದಲ್ಲ, ಜಾಸ್ತಿ ದುಡಿಯೋರೆಲ್ಲ ಒಂದು ಕಡೆ, ಕಮ್ಮಿಯವರೆಲ್ಲ ಇನ್ನೊಂದು ಕಡೆ ಗುಂಪಾಗ್ತಾ ಹೋಗಿದ್ದು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಎಲ್ಲ ಮಾಲೀಕರದ್ದೇ ತಪ್ಪು ಅಂತ ನಾನೂ ಒಂದು ಸಲ ಮೀಟಿಂಗಲ್ಲಿ ಜೋರಾಗಿ ಹೇಳಿ ಸಿಕ್ಕಿಹಾಕ್ಕೊಂಡಿದೀನಿ. ಆದ್ರೂ ಒಂದು ಮಾತು, ಹಾಗೆ ಗುಂಪು ಮಾಡೋರು ಯಾರು? ಯಾವ ಕೆಲಸ ಒಳಗಿಟ್ಕೋಬೇಕು, ಯಾವುದನ್ನ ಕಾಂಟ್ರಾಕ್ಟ್‌ಗೆ ಕೊಡ್ಬೇಕು ಅಂತ ಸೈನ್ ಹಾಕೋರು ನಾವೇ ಅಲ್ವಾ. ಆ ವಿಷಯಕ್ಕೆ ಮತ್ತೆ ಬರ್ತೀನಿ.

ಮೊದಲು ಮಾಡಿದ್ದು ಸುಲಭದ್ದು. ಹಳೇ ಸಂಬಳ ಕೇಳೋದು ನಿಲ್ಲಿಸಿದ್ವಿ, ಸ್ಲಿಪ್ ತಗೊಳ್ಳೋದೂ ನಿಂತ್ಹೋಯ್ತು, ಈ ಕೆಲಸಕ್ಕೆ ಇಲ್ಲಿಂದ ಇಲ್ಲಿವರೆಗೆ ಅಂತ ಬ್ಯಾಂಡ್ ಮಾಡಿ ಇಂಟರ್‌ವ್ಯೂಗೆ ಮುಂಚೆನೇ ಹೇಳೋಕೆ ಶುರು ಮಾಡಿದ್ವಿ. ಮ್ಯಾನೇಜರ್‌ಗಳು ಕೂಗಾಡಿದ್ರು, ಕಮ್ಮಿಗೆ ಬರೋನಿಗೆ ಯಾಕೆ ಜಾಸ್ತಿ ಕೊಡ್ಬೇಕು ಅಂತ. ಆ ಪ್ರಶ್ನೆ ನ್ಯಾಯವಾದದ್ದೇ ಅವರ ಬಜೆಟ್ ಕಡೆಯಿಂದ ನೋಡಿದ್ರೆ. ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ಬರೆದಿದ್ದು ಇದನ್ನೇ, ಕೆಲಸಗಾರನಿಗೆ ಬಿಟ್ಟು ಹೋಗೋದು ಎಷ್ಟು ಕಷ್ಟವೋ ಕೂಲಿ ಕಮ್ಮಿ ಮಾಡೋ ಶಕ್ತಿ ಕೆಲಸ ಕೊಡೋನ ಕೈಲಿ ಅಷ್ಟಿರುತ್ತೆ. ಹಳೇ ಸ್ಲಿಪ್ ಕೇಳೋದು ಅಂದ್ರೆ ಇವನನ್ನ ಎಷ್ಟು ಕಮ್ಮಿಗೆ ಹಿಡೀಬಹುದು ಅಂತ ಅಳತೆ ತಗೊಳ್ಳೋದು.

ಎರಡನೇದು ಕೌಂಟರ್ ಆಫರ್. ಬೇರೆ ಕಡೆಯಿಂದ ಆಫರ್ ಲೆಟರ್ ತಂದು ಮೇಜಿನ ಮೇಲೆ ಇಟ್ಟವರಿಗೆ ನಾವು ಎರಡೇ ದಿನದಲ್ಲಿ ಏರಿಸ್ತಿದ್ವಿ, ಸುಮ್ಮನೆ ಕೆಲಸ ಮಾಡ್ಕೊಂಡು ಇದ್ದವರಿಗೆ ವರ್ಷಕ್ಕೊಂದು ಇಂಕ್ರಿಮೆಂಟ್. ಹಳಬರು ಕೆಳಗಿದ್ದಿದ್ದು ಇದಕ್ಕೇನೇ. ಇದನ್ನ ಪೂರ್ತಿ ನಿಲ್ಲಿಸೋಕೆ ಆಗ್ಲಿಲ್ಲ ಅಂತ ಒಪ್ಕೋತೀನಿ. ಒಂದು ರೂಲ್ ಮಾತ್ರ ತಂದೆ, ಒಬ್ಬರಿಗೆ ಏರಿಸಿದ್ರೆ ಅದೇ ಕೋಡ್‌ನಲ್ಲಿರೋ ಬೇರೆಯವರ ಸಂಬಳದ ಲಿಸ್ಟ್ ಕೂಡ ಅದೇ ಮೇಲ್‌ನಲ್ಲಿ ಫೈನಾನ್ಸ್‌ಗೆ ಹೋಗ್ಬೇಕು ಅಂತ. ಲಿಸ್ಟ್ ಕಣ್ಣಿಗೆ ಬಿದ್ರೆ ಸೈನ್ ಹಾಕೋ ಕೈ ಸ್ವಲ್ಪ ತಡೆಯುತ್ತೆ.

ಮೂರನೇದಕ್ಕೆ ಜಗಳ ಜಾಸ್ತಿ ಆಯ್ತು. ಎಲ್ಲರಿಗೂ ಒಂದೇ ಪರ್ಸೆಂಟ್ ಇಂಕ್ರಿಮೆಂಟ್ ಅಂದ್ರೆ ಸಮಾನ ಅನ್ಸುತ್ತೆ, ಒಂದು ಲೆಕ್ಕ ಹಾಕಿ ನೋಡಿ. ಒಬ್ಬನಿಗೆ 100, ಇನ್ನೊಬ್ಬನಿಗೆ 160, ಅಂತರ 60. ಇಬ್ಬರಿಗೂ ವರ್ಷಕ್ಕೆ 10 ಪರ್ಸೆಂಟ್ ಅಂತ ಐದು ವರ್ಷ ಕೊಟ್ರೆ ಅವನು 161, ಇವನು 258, ಅಂತರ 97. ಯಾರೂ ಯಾರಿಗೂ ಮೋಸ ಮಾಡಿಲ್ಲ, ಅಂತರ ಮಾತ್ರ ತಾನೇ ಬೆಳೀತು. ಫೈನಾನ್ಸ್ ಹೆಡ್‌ಗೆ ಇದನ್ನ ಬಿಳಿ ಬೋರ್ಡ್ ಮೇಲೆ ಬರೆದು ತೋರಿಸಿದ ದಿನ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸರಿ, ಆದ್ರೆ ಒಟ್ಟು ಬಜೆಟ್ ಒಂದು ಪೈಸೆ ಜಾಸ್ತಿ ಕೊಡಲ್ಲ ಅಂದ್ರು. ಹಾಗಾಗಿ ಮೂರು ವರ್ಷ, ಬ್ಯಾಂಡ್‌ನ ಕೆಳಗಿರೋರಿಗೆ ಜಾಸ್ತಿ ಪರ್ಸೆಂಟ್, ಮೇಲಿರೋರಿಗೆ ಕಮ್ಮಿ. ಅಂದ್ರೆ ಈ ಸರಿಪಡಿಸೋ ಖರ್ಚು ಬಿದ್ದಿದ್ದು ಕಂಪನಿ ಮೇಲಲ್ಲ, ಸಂಬಳ ಜಾಸ್ತಿ ಇದ್ದ ಸಹೋದ್ಯೋಗಿಗಳ ಮೇಲೆ. ಡೆನ್ಮಾರ್ಕ್‌ನಲ್ಲಿ 2006ರಲ್ಲಿ ಕಂಪನಿಗಳು ಗಂಡಸರು ಹೆಂಗಸರ ಸಂಬಳದ ಲೆಕ್ಕ ಬೇರೆ ಬೇರೆ ಕೊಡ್ಬೇಕು ಅಂತ ಕಾನೂನು ಬಂದಾಗಲೂ ಅಂತರ ಕಮ್ಮಿ ಆಗಿದ್ದು ಮುಖ್ಯವಾಗಿ ಗಂಡಸರ ಸಂಬಳ ಏರೋದು ನಿಧಾನ ಆಗಿ ಅಂತ ಓದಿದ್ಮೇಲೆ ನಮ್ಮದೇ ಕಥೆ ಅನ್ನಿಸ್ತು. ಮೇಲಿನ ಸಾಲಿನವರಲ್ಲಿ ಇಬ್ಬರು ಬಿಟ್ಟು ಹೋದ್ರು, ಒಬ್ಬರಂತೂ ನನ್ನ ಜೊತೆ ಮಾತೇ ನಿಲ್ಲಿಸಿದ್ರು. ಅವರ ಸಿಟ್ಟು ತಪ್ಪು ಅಂತ ನನಗೆ ಅನ್ಸಲ್ಲ.

ಮೂರು ವರ್ಷ ಆದ್ಮೇಲೆ ಆ ಗುಂಪಲ್ಲಿ ಎರಡರಷ್ಟಿದ್ದ ಅಂತರ ಒಂದೂಕಾಲರಷ್ಟಕ್ಕೆ ಬಂತು, ಉಳಿದಿದ್ದಕ್ಕೆ ಅನುಭವ ಅಂತ ಒಂದು ಕಾರಣ ಆದ್ರೂ ಹೇಳೋಕಾಗುತ್ತೆ.

ಈಗ ಕಾಂಟ್ರಾಕ್ಟ್ ವಿಷಯ. ನಾನು ಸೇರಿದ ಹೊಸದರಲ್ಲಿ ಹೌಸ್‌ಕೀಪಿಂಗ್, ಸೆಕ್ಯುರಿಟಿ, ಡ್ರೈವರ್‌ಗಳು ಎಲ್ಲ ನಮ್ಮ ಪೇರೋಲ್‌ನಲ್ಲೇ ಇದ್ರು, ಬೋನಸ್ ಬಂದ್ರೆ ಅವರಿಗೂ ಬರ್ತಿತ್ತು. ಆಮೇಲೆ ಏಜೆನ್ಸಿಗೆ ಕೊಟ್ವಿ, ಆ ಪೇಪರ್ ರೆಡಿ ಮಾಡಿದ್ದೂ ನಾನೇ. ಬೆಳಗ್ಗೆ ಬರೋ ಜನ ಅವರೇ, ಯೂನಿಫಾರ್ಮ್ ಮಾತ್ರ ಬೇರೆ. ಜರ್ಮನಿಯಲ್ಲಿ ಕ್ಲೀನಿಂಗ್, ಸೆಕ್ಯುರಿಟಿ, ಕ್ಯಾಂಟೀನ್, ಸಾಗಾಟ ಹೀಗೆ ಹೊರಗೆ ಕೊಟ್ಟ ಕೆಲಸಗಳ ಬಗ್ಗೆ ಗೋಲ್ಡ್‌ಷ್ಮಿಟ್, ಷ್ಮೀಡರ್ ಅಂತ ಇಬ್ಬರು 2017ರಲ್ಲಿ ಬರೆದಿದಾರೆ, ಹೊರಗೆ ಕೊಡದೆ ಇದ್ದ ಅಂಥದ್ದೇ ಕೆಲಸಕ್ಕೆ ಹೋಲಿಸಿದ್ರೆ ಸಂಬಳ ಸುಮಾರು 10ರಿಂದ 15 ಪರ್ಸೆಂಟ್ ಬೀಳುತ್ತೆ. ಮಜಾ ನೋಡಿ, ಇವರು ಹೊರಗೆ ಹೋದ ಕೂಡ್ಲೇ ನಮ್ಮ ಕಂಪನಿ ಒಳಗಿನ ಅಂತರದ ಲೆಕ್ಕ ಚೆನ್ನಾಗಿ ಕಾಣುತ್ತೆ, ಯಾಕಂದ್ರೆ ಕೆಳಗಿನ ಸಾಲುಗಳೇ ಶೀಟ್‌ನಲ್ಲಿ ಇಲ್ಲ.

ನಾನು ಮಾಡಿದ ಶೀಟ್‌ನಲ್ಲೂ ಅವರಿಲ್ಲ. ಅವರಿರೋದು ಅಕೌಂಟ್ಸ್‌ನವರ ಹತ್ರ, ವೆಂಡರ್ ಪೇಮೆಂಟ್ ಅಂತ, ಕರೆಂಟ್ ಬಿಲ್ ಜೊತೆ. ಈ ಸಲ ಕಾಂಟ್ರಾಕ್ಟ್ ರಿನ್ಯೂ ಮಾಡುವಾಗ ಒಬ್ಬೊಬ್ಬರ ಕೈಗೆ ಎಷ್ಟು ಹೋಗುತ್ತೆ ಅಂತ ಬಿಡಿಸಿ ಕೊಡಿ ಅಂತ ಏಜೆನ್ಸಿಗೆ ಮೇಲ್ ಹಾಕಿದ್ದೆ. ಎರಡು ಸಲ ನೆನಪಿಸಿದ ಮೇಲೆ ಉತ್ತರ ಬಂತು, ಒಟ್ಟು ಮೊತ್ತ ಅಂತ ಒಂದೇ ಸಾಲು. ಮೂರನೇ ಮೇಲ್ ಟೈಪ್ ಮಾಡಿ ಇಟ್ಟಿದೀನಿ, ನಮ್ಮ ಫೈನಾನ್ಸ್ ಹೆಡ್‌ನ ಸಿಸಿನಲ್ಲಿ ಹಾಕ್ಬೇಕಾ ಬೇಡ್ವಾ ಅಂತ ಇನ್ನೂ ಯೋಚ್ನೆ ಮಾಡ್ತಿದೀನಿ.